ವೀಸಾಕ್ಕೆ ತುಂಬಿದ ಉಡಿ

ಭಾವನ ಮಗಳು ಕಾಲೇಜಿಗೆಂದು ವಿಜಯಪುರಕ್ಕೆ ಬಂದವಳು ಅಥಣಿ ರಸ್ತೆಯ ನಮ್ಮ ಮನೆಯಲ್ಲೇ ಇದ್ದು ಓದಿದಳು. ಅವಳ ಅಪ್ಪ, ಅವ್ವ, ನನ್ನ ಅತ್ತೆ ಎಲ್ಲರೂ ಇದ್ದದ್ದು ತಿಕೋಟಾದಲ್ಲಿ. ದ್ರಾಕ್ಷಿ ಒಣಗಿಸುವ ಶೆಡ್ಡುಗಳ ನಡುವೆ ಆಡಿ ಬೆಳೆದ ಹುಡುಗಿ. ಹಣ್ಣನ್ನು ಕೆಡದಂತೆ ಕಾಪಾಡುವ ವಿದ್ಯೆಯನ್ನೇ ಆರಿಸಿಕೊಂಡಿದ್ದಳು. ಅದರಲ್ಲಿ ಮುಂದೆ ಓದಲು ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಆ ಬೆಳಿಗ್ಗೆ ನನ್ನೆದುರು ಕೂತು ಕೊತ್ತಂಬರಿಯ ಎಲೆ ಬಿಡಿಸಿ ಸೋಸುತ್ತಿದ್ದಳು. ಮೊಬೈಲ್ ನೋಡಿ "ಕಾಕು, ಬಂತು" ಎಂದಳು ಅಷ್ಟೇ. ಆಮೇಲೆ ಕಡ್ಡಿಯನ್ನು ಬುಟ್ಟಿಗೆ, ಎಲೆಯನ್ನು ಕಸಕ್ಕೆ ಹಾಕುತ್ತಾ ಹೋದಳು. ನಾನೂ ತಡೆಯಲಿಲ್ಲ.

ವೀಸಾದ ಕಾಗದ ಮಾಡಿಕೊಡುವ ಏಜೆಂಟನೊಬ್ಬ ಬಸ್ ಸ್ಟ್ಯಾಂಡ್ ಹತ್ತಿರ ಇದ್ದ. ಭಾವ, ನಾನು, ಅವಳು ಮೂವರೂ ಹೋದೆವು.

"ಮೂರು ತಿಂಗಳ ಒಳಗಿಂದಾದ್ರ ಶಾರ್ಟ್ ಸ್ಟೇ ರೀ," ಎಂದ ಅವನು. "ಹೋಗೂ ಟಿಕೆಟು, ಬರೂ ಟಿಕೆಟು, ಇನ್ಶೂರನ್ಸು, ಇಷ್ಟಿದ್ರ ಬಹಳ ಕೇಳಂಗಿಲ್ಲ. ಇಕಿದು ಲಾಂಗ್ ಸ್ಟೇ. ಸೀಟಿನ ಪತ್ರ, ಇರಾಕ ಖೋಲಿ, ಖರ್ಚು ಯಾರು ನೋಡ್ಕೋತಾರ, ಅವ್ರು ಇಕಿಗೆ ಏನಾಗ್ಬೇಕು, ಓದು ಮುಗದ ಮ್ಯಾಲೆ ಏನು, ಎಲ್ಲಾ ಕೇಳ್ತಾರ. ತಿರುಗಿ ಊರಿಗೆ ಬರ್ತಾಳ ಅನ್ನಾಕ ಏನರ ಗಟ್ಟಿ ತೋರಿಸಿದ್ರ ಚಲೋ."

ಅವನ ಮನಸ್ಸಿನಲ್ಲಿದ್ದದ್ದು ಮನೆ, ಹೊಲ ಇಂಥದ್ದು. ನಾನು ಮನೆಗೆ ಬಂದು ಆ ದೇಶದ ನಿಯಮಗಳನ್ನೆಲ್ಲ ಓದಿದೆ. ಮದುವೆಯ ಸುದ್ದಿ ಎಲ್ಲಿಯೂ ಇರಲಿಲ್ಲ.

ಆದರೆ ನಾವೆಲ್ಲ ತಿಕೋಟಾಕ್ಕೆ ಹೋಗಿ ಏಜೆಂಟನ ಮಾತು ತಿಳಿಸಿದಾಗ, ಅಡಿಕೆ ಕತ್ತರಿಸುತ್ತಿದ್ದ ಅತ್ತೆ ಅಡಕೊತ್ತನ್ನು ಕೆಳಗಿಟ್ಟರು.

"ಹೊಲ ಇಕಿ ಹೆಸರೀಲೆ ಐತೇನು? ಹೊಲ ನನ್ನ ಗಂಡಮಕ್ಕಳದು. ಹೊಲದ ಸಲುವಾಗಿ ಹೆಣ್ಣು ತಿರುಗಿ ಬರ್ತಾಳಂದ್ರ ಯಾವ ಸಾಹೇಬ ನಂಬ್ತಾನ? ಕರು ಮನ್ಯಾಗ ಕಟ್ಟಿದ್ರ ಎಮ್ಮಿ ಎಲ್ಲಿ ಮೇದ್ರೂ ಸಂಜಿಗೆ ಮನಿಗೇ ಬರ್ತೈತಿ. ಇಕಿದೊಂದು ನಿಶ್ಚಯ ಮಾಡಿ ಫೋಟೋ ಕಳಸ್ರಿ."

"ನನ್ನ ತಮ್ಮ ಅದಾನಲ್ಲ," ಎಂದಳು ಹುಡುಗಿಯ ಅವ್ವ, ನನ್ನ ನೆಗೆಣ್ಣಿ. ಮಾತು ಎಷ್ಟು ಬೇಗ ಬಂತೆಂದರೆ, ಬಹಳ ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದಳು ಅನ್ನಿಸಿತು.

ತಮ್ಮ ಅಂದರೆ ಹುಡುಗಿಯ ಸೋದರಮಾವ. ಬಬಲೇಶ್ವರದಲ್ಲಿ ಪೈಪು, ಮೋಟರಿನ ಅಂಗಡಿ. ಅವನ ವ್ಯವಹಾರ ಕಾಗದದ ಮೇಲೆ ಚೊಕ್ಕಟವಾಗಿತ್ತೆಂದು ಅವಳ ಓದಿನ ಖರ್ಚಿಗೂ ಅವನ ಹೆಸರನ್ನೇ ಮುಂದೆ ಮಾಡಿದ್ದರು. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಯಾರಿಗೂ ಹೊಸದಲ್ಲ. ನನಗೂ ಅಲ್ಲ.

"ಖರ್ಚು ಕೊಡಾಂವನೂ ಅಂವನ, ಲಗ್ನ ಆಗಾಂವನೂ ಅಂವನ, ಅವ್ವನ ತಮ್ಮನೂ ಅಂವನ," ಎಂದೆ ನಾನು. "ಅಲ್ಲಿಯವ್ರಿಗೆ ಇದು ತಿಳಿಯೂದಿಲ್ರಿ. ಬ್ಯಾರೆ ಏನೋ ಐತಿ ಅಂತಾರ."

"ಸಿಸ್ಟರ್‌ಗೋಳ ಸಾಲ್ಯಾಗ ಕಲ್ತಾಕಿ," ಎಂದರು ಅತ್ತೆ, ನನ್ನತ್ತ ಕೈ ಮಾಡಿ ಎಲ್ಲರ ಮುಖ ನೋಡುತ್ತಾ. "ಅಲ್ಲಿ ಎಲ್ಲಾ ಲಗ್ನ ಆಗದವ್ರ. ಸೋದರಮಾವ ಅಂದ್ರ ಏನಂತ ಇಕಿಗೆ ಯಾರು ಹೇಳಿಕೊಡಬೇಕು?"

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು.

ಹುಡುಗಿ ಮಾತ್ರ ಅಜ್ಜಿಯನ್ನು ಕೇಳಿದಳು, "ಬರೇ ತೋರ್ಸಾಕ ಹೌದಲ್ಲ, ಆಯಿ?"

"ತೋರ್ಸಾಕಷ್ಟ ಯವ್ವಾ," ಎಂದದ್ದು ಭಾವ. "ಮನೀಯಾಂವ ಅದಾನ. ನಾಳೆ ಬ್ಯಾಡಂದ್ರ ಯಾರೂ ಕೇಳಂಗಿಲ್ಲ."

ಬಬಲೇಶ್ವರದಲ್ಲಿ, ಅಂಗಡಿಯ ಹಿಂದಿನ ಮನೆಯಲ್ಲಿ ನಿಶ್ಚಯವಾಯಿತು. ಐದು ಜನ ಮುತ್ತೈದೆಯರು ಉಡಿ ತುಂಬಿದೆವು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಪ್ಪಸದ ಒಂದು ಖಣ. "ಉಂಗುರ ಸ್ವಲ್ಪ ಮ್ಯಾಲೆ ಹಿಡೀರಿ, ಸಾಹೇಬ್ರಿಗೆ ಕಾಣಬೇಕು" ಎಂದು ಫೋಟೋದವನು ಕೂಗಿದಾಗ ಮನೆಯೆಲ್ಲ ನಗೆ. ಮಾವನಾದವನು ಮೊದಲು ತಾನೂ ನಗುತ್ತಿದ್ದ. ಉಂಗುರ ತೊಡಿಸಿದ ಮೇಲೆ ನಗು ನಿಲ್ಲಿಸಿ, ಅದರ ಹರಳು ಮೇಲೆ ಬರುವಂತೆ ಅವಳ ಬೆರಳಿನಲ್ಲೇ ನಿಧಾನವಾಗಿ ತಿರುಗಿಸಿ ಕೂರಿಸಿದ. ಸಣ್ಣವಳಿದ್ದಾಗ ಅವನ ಬೈಕಿನ ಟ್ಯಾಂಕಿನ ಮೇಲೆ ಕೂತು "ಮಾಮಾ, ಜೋರು" ಎಂದು ಚೀರುತ್ತಿದ್ದವಳು ಅವಳು. ಅವತ್ತಿನಿಂದ ಅವನನ್ನು ಎದುರಿಗೆ ಏನೆಂದೂ ಕರೆಯಲಿಲ್ಲ.

ಸಂದರ್ಶನಕ್ಕೆ ಅವಳ ಜೊತೆ ನಾನೇ ಹೋಗಿದ್ದೆ. ಒಳಗೆ ಬಿಡಲಿಲ್ಲ, ಹೊರಗೆ ಮೆಟ್ಟಿಲ ಮೇಲೆ ಕಾದೆ. ಬಂದವಳು ನನ್ನ ಬಾಟಲಿಯ ನೀರನ್ನೆಲ್ಲ ಕುಡಿದು ಹೇಳಿದಳು.

"ಒಳಗಿನ ಮೇಡಂ ಖರ್ಚು ಯಾರು ಕೊಡ್ತಾರ ಅಂದ್ಲು. ನಮ್ಮವ್ವನ ತಮ್ಮ ಅಂದೆ. ಫೋಟೋದಾಗ ಉಂಗುರ ಹಾಕಾಂವ ಯಾರು ಅಂದ್ಲು. ಅಂವನ ಅಂದೆ. ಆಕಿ ಪೆನ್ನು ಕೆಳಗಿಟ್ಲು ಕಾಕು. ನಿನಗ ಯಾರರ ಜುಲ್ಮಿ ಮಾಡ್ಯಾರೇನು ಅಂತ ಭಾಳ ಮೆತ್ತಗ ಕೇಳಿದ್ಲು."

"ನೀ ಏನಂದಿ?"

"ಹೌದಂದ್ರ ನಿಶ್ಚಯ ಸುಳ್ಳು ಅಂತಾಗ್ತೈತಿ. ಇಲ್ಲ ಅಂದೆ."

ವೀಸಾ ಸಿಗಲಿಲ್ಲ. ಖರ್ಚು ಕೊಡುವವರ ಸಂಬಂಧದ ಬಗ್ಗೆ, ಹೋಗುವ ಉದ್ದೇಶದ ಬಗ್ಗೆ ನಂಬಿಕೆ ಬರಲಿಲ್ಲ ಎಂದಿದ್ದರು. ಅವಳು ಅಳಲಿಲ್ಲ. ಸೀಟಿಗೆ ಇನ್ನೂ ಅವಧಿ ಇತ್ತು. ಅಪ್ಪನ ಹೆಸರಿನಲ್ಲಿ ಮತ್ತೆ ಅರ್ಜಿ ಹಾಕಬಹುದೆಂದು ಏಜೆಂಟನಿಂದ ಕೇಳಿಕೊಂಡೇ ತಿಕೋಟಾಕ್ಕೆ ಬಂದಳು. ಉಂಗುರ ತೆಗೆದು ಅತ್ತೆಯ ಮುಂದೆ ಇಟ್ಟಳು.

"ಮಾಮಾಗ ತಿರುಗಿ ಕೊಡ್ರಿ, ಆಯಿ."

ಅತ್ತೆ ಅದನ್ನು ಮುಟ್ಟಲಿಲ್ಲ. "ಉಡಿ ಅಕ್ಕಿ ಏನ್ ಮಾಡಿದಿ?"

"ಅವ್ವ ಅನ್ನ ಮಾಡಿದ್ಲು. ಉಂಡೆ."

"ಹಂಗಾದ್ರ ಮೊದಲ ಅದನ್ನ ಕಾರಿ ಕೊಡು. ಆಮ್ಯಾಲೆ ಉಂಗುರದ ಮಾತು."

ಭಾವ ಮೊಬೈಲ್ ತೆಗೆದು ನೋಡತೊಡಗಿದರು. ಅದರ ಪರದೆ ಬೆಳಗಿರಲೇ ಇಲ್ಲ, ನಾನು ಪಕ್ಕದಲ್ಲೇ ಇದ್ದೆ.

"ತೋರ್ಸಾಕಷ್ಟ ಅಂದಿದ್ರೆಲ್ರಿ," ಎಂದೆ.

"ತೋರಿಸಿದ್ವಲ್ಲ," ಎಂದಳು ನೆಗೆಣ್ಣಿ. "ಊರೆಲ್ಲಾ ನೋಡಿತು. ಇನ್ನ ನನ್ನ ತಮ್ಮನ ಮಾರಿಗೆ ಮಸಿ ಬಳೀಬ್ಯಾಡ್ರಿ." ಮಗಳು ತನ್ನ ತವರಿಗೇ ಸೊಸೆಯಾಗಿ ಹೋಗುತ್ತಾಳೆಂಬ ಸಂತೋಷವನ್ನು ಮುಚ್ಚಿಟ್ಟುಕೊಳ್ಳಲು ಅವಳಿಗೆ ಬರುತ್ತಿರಲಿಲ್ಲ. ಉಂಗುರವನ್ನು ಎತ್ತಿ ಸೆರಗಿನಿಂದ ಒರೆಸಿ, ಮಗಳ ಬೆರಳಿಗೆ ಅವಳೇ ತೊಡಿಸಿದಳು. ಗಂಟಿನ ಹತ್ತಿರ ಬಿಗಿಯಾಯಿತು. ಒತ್ತಿದಳು.

ಮದುವೆಯ ಊಟಕ್ಕೆ ಏಜೆಂಟನೂ ಬಂದಿದ್ದ. ಎಲೆಯ ಮುಂದೆ ಕೂತು, ಬಡಿಸುತ್ತಾ ಬಂದ ಮದುಮಕ್ಕಳನ್ನು ನೋಡಿ ಹೇಳಿದ: "ಈಗ ಕೇಸ್ ಗಟ್ಟಿ ಆತು ನೋಡವಾ. ಇಬ್ರೂ ತಿರುಗ್ಯಾಡಾಕ ಹೋಗಿ ಬರ್ರಿ. ಶಾರ್ಟ್ ಸ್ಟೇ ಆದ್ರ ಲಗೂನ ಸಿಗ್ತೈತಿ."

ಅವಳ ಕೈಯಲ್ಲಿ ಹೋಳಿಗೆಯ ತಾಟು ಇತ್ತು. "ಆ ವೀಸಾದ ಮ್ಯಾಲೆ ಹೋಗಿ, ಅಲ್ಲೇ ಇದ್ದು, ಓದೂ ವೀಸಾಕ್ಕ ಬದಲಿ ಮಾಡ್ಕೋಬಹುದೇನ್ರಿ?"

"ಇಲ್ಲವಾ. ತಿರುಗಿ ಊರಿಗೆ ಬಂದು ಹೊಸದಾಗಿ ಹಾಕ್ಬೇಕು," ಎಂದುಬಿಟ್ಟ ಅವನು, ದಿನಾ ನೂರು ಜನಕ್ಕೆ ಹೇಳಿ ರೂಢಿಯಾದವನು. ಹೇಳಿದ ಮೇಲೆ ತಲೆ ಎತ್ತಿದ. ಮತ್ತೆ ಎಲೆಯತ್ತ ಬಗ್ಗಿದ. ಮದುಮಗನ ಕೈಯಲ್ಲಿದ್ದ ತುಪ್ಪದ ಚಮಚೆ ಹಾಗೆಯೇ ನಿಂತಿತ್ತು.

"ಮೈಮ್ಯಾಲಿನ ಅರಿಷಿಣ ಆರಿಲ್ಲ, ಓಡೂ ದಾರಿ ಕೇಳಾಕತ್ತಾಳ ನೋಡ್ರಿ!" ಎಂದರು ಅತ್ತೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಅವಳ ಪಾಸ್‌ಪೋರ್ಟ್ ನಮ್ಮ ಮನೆಯಲ್ಲೇ ಉಳಿದಿತ್ತು. ಕೆಲವು ದಿನದ ಮೇಲೆ ಅವಳ ಗಂಡನೊಬ್ಬನೇ ಬಂದ. ಚಹಾ ಕುಡಿದ, ಬಿಸ್ಕೀಟು ಮುಟ್ಟಲಿಲ್ಲ.

"ಅಕ್ಕಾರ, ಆಕಿ ಪಾಸ್‌ಪೋರ್ಟ್ ಕೊಡ್ರಿ. ಇನ್ನ ನಮ್ಮನ್ಯಾಗ ಇರಲಿ."

"ಆಕಿನ ಬಂದು ಒಯ್ಯಲಿ."

ಅವನು ಜಗಳಾಡಲಿಲ್ಲ. ಫೋನ್ ಹಚ್ಚಿ, ಸ್ಪೀಕರ್ ಮೇಲೆ ಇಟ್ಟು, ನನ್ನ ಮುಂದೆ ಹಿಡಿದ.

"ಕೊಟ್ಟುಬಿಡ್ರಿ ಕಾಕು," ಎಂದಳು. ಹಿಂದೆ ನೆಗೆಣ್ಣಿಯ ದನಿಯೂ ಕೇಳುತ್ತಿತ್ತು.

ಕೊಟ್ಟೆ. ಖಾಲಿ ಪುಟಗಳನ್ನೆಲ್ಲ ಹೆಬ್ಬೆರಳಿಗೆ ಉಗುಳು ಹಚ್ಚಿ ಒಂದೊಂದಾಗಿ ತಿರುವಿ ನೋಡಿದ. ಅಂಗಿಯ ಒಳಗಿನ ಕಿಸೆಯಲ್ಲಿಟ್ಟುಕೊಂಡು, "ಟಿಜೂರ್ಯಾಗ ಇಡ್ತೀನ್ರಿ. ಕಳೀಬಾರ್ದಲ್ಲ" ಎಂದ.

ಆಮೇಲೆ ಒಮ್ಮೆ ಬಬಲೇಶ್ವರಕ್ಕೆ ಹೋದೆ. ಸೀಟಿನ ಅವಧಿ ಅಷ್ಟರಲ್ಲಿ ಮುಗಿದಿತ್ತು. ತಿಜೋರಿಯ ಕೀಲಿ ಅವನ ಉಡದಾರದಲ್ಲಿರುತ್ತದೆ, ಜಳಕಕ್ಕೆ ಹೋಗುವಾಗಲೂ ಬಿಚ್ಚುವುದಿಲ್ಲ ಎಂದು ಅವಳೇ ಹೇಳಿದಳು, ಊರಿನ ಸಂತೆ ಯಾವ ವಾರ ಎಂದು ಹೇಳುವಷ್ಟು ಸಲೀಸಾಗಿ. ಹೇಳಿ, ನನ್ನ ಕಪ್ಪು-ಬಸಿಗೆ ಇನ್ನಷ್ಟು ಚಹಾ ಸುರಿದಳು.