ಜನಿವಾರದ ಪಿನ್ನು

ನಮ್ಮ ಆರ್.ಟಿ. ನಗರದ ಬದರೀನಾಥರು ಹೆಲಿಕಾಪ್ಟರ್ ರಿಪೇರಿ ಮಾಡಿ ನಿವೃತ್ತರಾದವರು. ಈಗ ಇಡೀ ಬೀದಿಯೇ ಅವರ ಹೆಲಿಕಾಪ್ಟರ್. ಆಟೋ ಹತ್ತುವ ಮುನ್ನ ಚಕ್ರದ ನಟ್ಟುಗಳನ್ನೆಲ್ಲ ಮುಟ್ಟಿ ನೋಡುತ್ತಾರೆ. ಮೂರನೇ ಚಕ್ರಕ್ಕೆ ಬರುವಷ್ಟರಲ್ಲಿ ಡ್ರೈವರ್ "ಬೇರೆ ಆಟೋ ನೋಡ್ಕೊಳ್ಳಿ ಸಾರ್" ಅಂದಿರುತ್ತಾನೆ. "ಗ್ಯಾಸ್ ಆಫ್ ಮಾಡಿದೀನಿ ಕಣ್ರೀ" ಎಂದು ಹೆಂಡತಿ ಪಂಕಜಾ ಹೇಳಿದರೆ, "ಮುಟ್ಟಿ ನೋಡಿದ್ಯಾ?" ಎನ್ನುತ್ತಾರೆ. ಮೊನ್ನೆ ಮದುವೆಯೊಂದರಲ್ಲಿ, ತಾಳಿಯ ಮೂರನೇ ಗಂಟು ಸಡಿಲವಿರಬಹುದೆಂದು ಎಳೆದು ನೋಡಲು ಮಂಟಪವನ್ನೇ ಹತ್ತಿದ್ದರು. ಅವರ ಜನಿವಾರದಲ್ಲಿ ಬೀರುವಿನ ಕೀ ಜೊತೆ ಒಂದು ಪುಟ್ಟ ಪಿನ್ನು ತೂಗುತ್ತಿರುತ್ತದೆ. ಬೆನ್ನು ಕೆರೆದುಕೊಳ್ಳಲಿಕ್ಕಾ ಎಂದು ನಾನು ತಮಾಷೆ ಮಾಡಿದೆ. "ಬಿಗಿ ಮಾಡಿದ ನಟ್ಟು ಕಳಚದ ಹಾಗೆ ಹಾಕೋ ಪಿನ್ನು ಕಣ್ರೀ ಇದು," ಎಂದರು. "ಹಾಕಿದೀನಿ ಅಂತ ಸಹಿ ಮಾಡ್ಬಿಟ್ಟಿದ್ದೆ. ಹೆಲಿಕಾಪ್ಟರ್ ಬಿದ್ದಾಗ ಇದು ನನ್ ಜೇಬಲ್ಲೇ ಇತ್ತು."