ಉಪ್ಪುನೀರಲ್ಲಿ ಕಲಸಿದ ಎಂಟು ಡ್ರಮ್ಮು

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಕೆಸರಕ್ಕ ಎಂದೇ. ಹೆಸರು ಕೇಳಿ ಯಾರಾದರೂ ಮೂಗು ಮುರಿದರೆ, "ಹತ್ತೊಂಬತ್ತು ವರ್ಷ ಕೆಸರು ಕಲಸೇ ಹೊಟ್ಟೆ ತುಂಬಿಸ್ಕೊಂಡಿದ್ದೀನಿ, ಇನ್ನೇನಂತ ಕರೀತೀರಿ?" ಎಂದು ಬಾಯಿ ಮುಚ್ಚಿಸುತ್ತಾಳೆ.

ಸಮುದ್ರದ ತಳದಲ್ಲೂ ಗುಡ್ಡ ಕುಸಿಯುತ್ತದೆ ಎಂದು ಇಲ್ಲಿಯವರು ಹೇಳಿದಾಗ ಮೊದಲು ಆಕೆ ನಕ್ಕುಬಿಟ್ಟಿದ್ದಳು. ಕುಸಿದ ಮಣ್ಣು ನೀರಿನಡಿಯಲ್ಲೇ ಮೈಲಿಗಟ್ಟಲೆ ಓಡುತ್ತದೆ, ದಾರಿಗೆ ಸಿಕ್ಕ ಫೋನು, ಇಂಟರ್ನೆಟ್ಟಿನ ಕೇಬಲ್ಲನ್ನು ಹರಿದು ಹಾಕುತ್ತದೆ. ಅದು ಎಷ್ಟು ದೂರ ಓಡೀತು ಎಂದು ತಿಳಿಯಲು ಇಲ್ಲೊಂದು ಹತ್ತು ಮೀಟರ್ ಉದ್ದದ ಗಾಜಿನ ತೊಟ್ಟಿಯಿದೆ. ತಳ ಇಳಿಜಾರು, ಒಳಗೆ ತುಂಬ ಉಪ್ಪುನೀರು. ಬಿಳಿ ಜೇಡಿಮಣ್ಣು, ಮರಳು, ನಲ್ಲಿಯ ಸಿಹಿನೀರು ಮೂರನ್ನೂ ಡ್ರಮ್ಮಿನಲ್ಲಿ ಕಲಸಿ, ಮೇಲ್ತುದಿಯ ಪೆಟ್ಟಿಗೆಗೆ ಸುರಿದು ಬಾಗಿಲೆತ್ತಿದರೆ ಕೆಸರು ಜಾರಿಕೊಂಡು ಹೋಗುತ್ತದೆ; ಒಂದು ಡ್ರಮ್ಮಿಗೆ ಒಂದು ಓಟ. ಕ್ಯಾಮೆರಾಗಳು ಪಕ್ಕದಿಂದ ನೋಡುತ್ತಿರುತ್ತವೆ. ತಿರುಗಿಸಲು ಯಂತ್ರವಿದ್ದರೂ ಕೊನೆಗೆ ಮೊಣಕೈವರೆಗೆ ಕೈ ಇಳಿಸಿ ಹದ ನೋಡುವವಳು ಕೆಸರಕ್ಕನೇ.

ಈಗ ಪಿಎಚ್‌ಡಿ ಮಾಡುತ್ತಿರುವ ಹುಡುಗಿಗೆ ಕೆಸರಕ್ಕನೆಂದರೆ ಪ್ರಾಣ. ಮರುದಿನ ಪ್ರೊಫೆಸರರ ಮುಂದೆ ತನ್ನ ಮೂರು ವರ್ಷದ ಕೆಲಸ ಒಪ್ಪಿಸಬೇಕಿತ್ತು. ಆ ಮಧ್ಯಾಹ್ನ ಕೆಸರಕ್ಕನನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿ ಒಮ್ಮೆ ಹೇಳಿ ನೋಡುತ್ತಿದ್ದಳು.

"ಹದಿನೇಳರಿಂದ ಇಪ್ಪತ್ತನಾಲ್ಕನೇ ಓಟದವರೆಗೆ ಮರಳು ಜಾಸ್ತಿ ಹಾಕಿದ್ವಿ. ಅದಕ್ಕೇ ಕೆಸರು ಅರ್ಧ ದಾರೀಲೇ ನಿಂತುಬಿಡ್ತು."

ಕೆಸರಕ್ಕನಿಗೆ ಆ ಓಟಗಳು ಚೆನ್ನಾಗಿ ನೆನಪಿದ್ದವು. ಆ ಎಂಟು ಡ್ರಮ್ಮು ಕಲಸಿದ್ದು ಬೀದಿಯ ಪೈಪು ರಿಪೇರಿಯಾಗುತ್ತಿದ್ದ ವಾರ. ನಲ್ಲಿಯಲ್ಲಿ ತೊಟ್ಟು ನೀರಿರಲಿಲ್ಲ. ಕೆಲಸ ನಿಲ್ಲಬಾರದೆಂದು ತೊಟ್ಟಿಯ ಮೇಲಿನ ತಿಳಿ ಉಪ್ಪುನೀರನ್ನೇ ಮೊಗೆದು ಕಲಸಿದ್ದಳು. ನೀರು ನೀರೇ ತಾನೇ! ಕೈ ಮಾತ್ರ ಆಗಲೇ ಹೇಳಿತ್ತು: ಮಣ್ಣು ಒಡೆದ ಹಾಲಿನ ಹಾಗೆ ಗಂಟುಗಂಟಾಗಿತ್ತು. ಇನ್ನೆರಡು ಸುತ್ತು ತಿರುಗಿಸಿ ಸುಮ್ಮನಾಗಿದ್ದಳು. ಜೇಡಿಯನ್ನು ಗಂಟು ಕಟ್ಟಿಸಿ ಕೆಸರನ್ನು ನಿಲ್ಲಿಸಿದ್ದು ಉಪ್ಪು, ಈ ಹುಡುಗಿ ಪಾಪದ ಮರಳಿನ ಮೇಲೆ ಗೂಬೆ ಕೂರಿಸುತ್ತಿದ್ದಾಳೆ.

ತಿಂಗಳ ಕೊನೆಗೆ ಆಕೆಯ ಗುತ್ತಿಗೆ ಮುಗಿಯುತ್ತಿತ್ತು. ಇನ್ನೊಂದು ವರ್ಷಕ್ಕೆ ಸಹಿ ಹಾಕಬೇಕಾದವರು ಇದೇ ಪ್ರೊಫೆಸರು. ಮನೆಯಲ್ಲಿ ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದ. ತುಟಿ ಹೊಲಿದುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿದ್ದುಬಿಡೋಣ ಎಂದು ಆ ಕ್ಷಣ ಆಕೆಗೂ ಅನ್ನಿಸಿತು, ಅದನ್ನೇನು ಮುಚ್ಚಿಡುವುದು.

"ನಿಲ್ಸು ಕಣಮ್ಮಾ," ಎಂದಳು. "ಅದು ಮರಳಲ್ಲ. ನಾನು."

ಎಲ್ಲವನ್ನೂ ಹೇಳಿದಳು. ಹುಡುಗಿ ಲೆಕ್ಕದ ಪುಸ್ತಕ ತೆಗೆದು ಆ ಎಂಟು ಓಟಗಳಿಗೂ ಗೀಟು ಹಾಕಿದಳು. "ಸದ್ಯ, ಇವತ್ತೇ ಹೇಳಿದ್ರಲ್ಲ ಅಕ್ಕಾ," ಎಂದಳು. "ಇಲ್ಲಾಂದ್ರೆ ನಾಳೆ ಎಲ್ಲರ ಮುಂದೆ ನಿಂತು ಸುಳ್ಳು ಹೇಳ್ತಿದ್ದೆ."

ಮರುದಿನ ತೊಟ್ಟಿಯ ಪಕ್ಕದಲ್ಲೇ ಸಭೆ. ಕೆಸರಕ್ಕ ಬೇರೆಯವರೊಬ್ಬರ ಡ್ರಮ್ಮಿನಲ್ಲಿ ಕೈಯಾಡಿಸುತ್ತ ಕಿವಿಯನ್ನು ಅತ್ತಲೇ ಇಟ್ಟಿದ್ದಳು. ಎಂಟು ಓಟಗಳನ್ನು ಕೈಬಿಟ್ಟಿದ್ದೇನೆ ಎಂದು ಹುಡುಗಿ ಕಾರಣ ಹೇಳಿದಳು.

"ಕಲಸಿದ್ದು ಯಾರು?" ಪ್ರೊಫೆಸರ್ ಕೇಳಿದರು.

"ಪುಸ್ತಕದಲ್ಲಿ ಮಣ್ಣೆಷ್ಟು, ಮರಳೆಷ್ಟು ಅಂತ ಬರೆಯೋಕೆ ಜಾಗ ಬಿಟ್ಟಿದ್ದೆ ಸಾರ್. ಯಾವ ನೀರು ಅಂತ ಬರೆಯೋಕೆ ಬಿಟ್ಟಿರ್ಲಿಲ್ಲ. ತಪ್ಪು ನನ್ನದು."

ಕೆಸರಕ್ಕನಿಗೆ ತಡೆಯಲಾಗಲಿಲ್ಲ. "ಕಲಸಿದ್ದು ನಾನು ಸಾರ್. ಅವಳನ್ನೇನೂ ಅನ್ಬೇಡಿ."

ಪ್ರೊಫೆಸರ್ ಕನ್ನಡಕದ ಮೇಲಿನಿಂದ ಆಕೆಯನ್ನು ನೋಡಿದರು. "ಉಪ್ಪುನೀರು ಅಂತ ನಿಮಗೆ ಹೇಳಿದ್ದು ಯಾರು?" ಎಂದು ಹುಡುಗಿಯನ್ನು ಕೇಳಿದರು.

"ಅವರೇ," ಎಂದಳು ಹುಡುಗಿ. "ಕೇಳದೇನೇ ಹೇಳಿದ್ರು."

"ಸರಿ. ಎಂಟನ್ನೂ ಮತ್ತೆ ಮಾಡಿ, ಇವರೇ ಕಲಸಲಿ. ಎಷ್ಟು ದಿನ ಬೇಕು?"

"ಮೂರು ತಿಂಗಳು ಸಾರ್."

"ಇವರ ಗುತ್ತಿಗೆ ಒಂದು ವರ್ಷ ಅಂತ ಬರ್ಕೊಳ್ಳಿ," ಎಂದು ಪ್ರೊಫೆಸರ್ ಸಹಿ ಹಾಕಲು ಜೇಬಿನಲ್ಲಿ ಪೆನ್ನು ಹುಡುಕಿದರು.

ಆ ಇಬ್ಬರ ಋಣ ಈ ಜನ್ಮದಲ್ಲಿ ತೀರದು ಎನಿಸಿತು ಕೆಸರಕ್ಕನಿಗೆ. ಕಣ್ಣೊರೆಸಿಕೊಳ್ಳೋಣವೆಂದರೆ ಎರಡೂ ಕೈ ಕೆಸರು. ಹುಡುಗಿ ಎದ್ದು ಬಂದು ತನ್ನ ಅಂಗಿಯ ತೋಳಿನಿಂದಲೇ ಒರೆಸಿದಳು.