ನಾನು ಕುಂಕುಮವಿಟ್ಟ ಮೀನು

ಹೊಳೆಗೆ ಎಸೆದದ್ದೆಲ್ಲ ಮಾಯವಾಗಿಬಿಡುತ್ತದೆ ಎಂದು ನಮ್ಮ ಜನಕ್ಕೆ ಯಾರು ಹೇಳಿಕೊಟ್ಟರೋ ಕಾಣೆ. ಆಗ ನಾನು ಶ್ರೀರಂಗಪಟ್ಟಣದ ಸ್ನಾನಘಟ್ಟದ ಮೇಲೆ ಪೂಜಾ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಅಸ್ಥಿ ಬಿಡಲು ಟ್ರಾಕ್ಟರಿನಲ್ಲಿ ಬರುವವರು ಮುಳುಗೆದ್ದು, ಮೈಮೇಲಿನ ಬಟ್ಟೆಯನ್ನು ನೀರಿಗೇ ಬಿಟ್ಟು ಹೋಗುತ್ತಿದ್ದರು. ಅದು ಹಿಂದಿನಿಂದ ಬಂದ ಪದ್ಧತಿ. ತೊಂಬತ್ತರ ದಶಕದಲ್ಲಿ ಅದರ ಜೊತೆಗೆ ಪ್ಲಾಸ್ಟಿಕ್ ಕವರೂ ಸೇರಿಕೊಂಡಿತು. ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದ ಅರಿಶಿನ, ಕುಂಕುಮ, ಹೂವನ್ನು ನಾನೂ ಕವರಿಗೆ ತುಂಬಿ ಮಾರತೊಡಗಿದೆ.

ಹೈಸ್ಕೂಲಿಗೆ ಒಬ್ಬ ಡ್ರಾಯಿಂಗ್ ಮೇಷ್ಟ್ರು ವರ್ಗವಾಗಿ ಬಂದರು, ಕರಾವಳಿಯವರು. ಒಂದು ದಿನ ಅಂಗಡಿ ಮುಂದೆ ನಿಂತು, "ಇದೆಲ್ಲ ಕೊನೆಗೆ ಸಮುದ್ರಕ್ಕೇ ಹೋಗ್ತದೆ ಮಾರಾಯ್ರೆ. ನಮ್ಮೂರಲ್ಲಿ ಬಲೆ ಎಳೆದ್ರೆ ಮೀನಿನ ಜೊತೆ ಇಂಥದ್ದೇ ಬರ್ತದೆ" ಅಂದರು.

"ಸಮುದ್ರ ಎಲ್ಲೈತೆ, ಪಟ್ಣ ಎಲ್ಲೈತೆ, ಬುಡಿ ಸಾ" ಎಂದೆ.

ಅವರು ಬಿಡಲಿಲ್ಲ. ಹರಿಗೋಲಿನವರನ್ನು ಒಪ್ಪಿಸಿ, ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಸೀರೆ, ಪಂಚೆ, ಕವರುಗಳನ್ನು ಎತ್ತಿಸಿದರು. ಬಿದಿರಿನ ದಬ್ಬೆಯಿಂದ ಎತ್ತಿನಗಾಡಿಗಿಂತ ದೊಡ್ಡ ಮೀನು ಕಟ್ಟಿ ಮೆಟ್ಟಿಲ ಪಕ್ಕ ನಿಲ್ಲಿಸಿ, ಅದರ ಹೊಟ್ಟೆಗೆ ಅದನ್ನೆಲ್ಲ ತುರುಕಿದರು. ಬಂದವರು ತಾವು ಬಿಟ್ಟದ್ದನ್ನು ತಾವೇ ನೋಡಲಿ, ಇನ್ನೊಮ್ಮೆ ಎಸೆಯುವಾಗ ಕೈ ತಡೆಯಲಿ ಎಂಬುದು ಅವರ ಆಸೆ. ಮಳೆಗಾಲದವರೆಗೆ ಮೀನನ್ನು ಕಾಯುವ ಕೆಲಸ ನನಗೆ ಒಪ್ಪಿಸಿದರು. ಆಯಿತು ಎಂದೆ.

ಘಟ್ಟದಲ್ಲೇ ಅಡುಗೆ ಮಾಡಿ ಉಣ್ಣುವವರು ಒಲೆಗೆಂದು ಅದರ ಬಿದಿರನ್ನೇ ಕೀಳತೊಡಗಿದರು. ಕೂಗಿ ಕೂಗಿ ನನ್ನ ಗಂಟಲು ಹೋಯಿತು. ಒಂದು ಬೆಳಿಗ್ಗೆ ರೋಸಿಹೋಗಿ, ಮೀನಿನ ಹಣೆಗೆ ಕುಂಕುಮ ಬಳಿದು ಹಾರ ಹಾಕಿದೆ. ದೇವರೆಂದರೆ ಮುಟ್ಟುವುದಿಲ್ಲವಲ್ಲ. ನಿಜಕ್ಕೂ ಯಾರೂ ಕೀಳಲಿಲ್ಲ. ಕೈಮುಗಿದರು!

"ಇದ್ಯಾವ್ ದ್ಯಾವ್ರಣ್ಣ?" ಎಂದು ಚಿನಕುರಳಿಯ ಹೆಂಗಸೊಬ್ಬಳು ಕೇಳಿದಳು.

ನಾನು ಬಾಯಿ ತೆರೆಯುವುದರೊಳಗೆ ಅವಳ ಗಂಡ, "ಅಷ್ಟೂ ಗೊತ್ತಾಗಕಿಲ್ವಾ? ಮತ್ಸ್ಯಾವತಾರ ಕಣಮ್ಮಿ. ಕಾಯಿ ಒಡ್ಸು" ಎಂದ.

ಅಲ್ಲ ಎನ್ನಬಹುದಿತ್ತು. ಕಾಯಿ ನನ್ನ ಅಂಗಡಿಯದು. ಒಂದನ್ನು ಆರಿಸಿ ಕೊಟ್ಟೆ.

ಹೂವು, ಕಾಯಿ, ಊದಿನಕಡ್ಡಿ ಎಲ್ಲ ಕವರಿನಲ್ಲೇ ಬಂದವು. ಖಾಲಿ ಕವರುಗಳು ಮೀನಿನ ಸುತ್ತಲೇ ಬಿದ್ದವು. ಭಾನುವಾರ ಬಂದ ಮೇಷ್ಟ್ರು ತಲೆ ಚಚ್ಚಿಕೊಂಡರು. "ಇದು ಕಸ ಮಾರಾಯ್ರೆ, ನಿಮ್ಮದೇ ಕಸ!"

"ದ್ಯಾವ್ರನ್ನ ಕಸ ಅಂತೀಯಲ್ಲಯ್ಯ, ನಾಲ್ಗೆ ಬಿದ್ದೋಯ್ತದೆ" ಎಂದು ಒಬ್ಬ ಮುದುಕ ಗದರಿದ.

"ನೀವಾದ್ರೂ ಹೇಳಿ" ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು. ನಾನು ಕಾಯಿಯ ನಾರು ಬಿಡಿಸುತ್ತ ಕೂತೆ.

ಪೂಜೆಯಾದ ಮೇಲೆ ವಿಸರ್ಜನೆಯೂ ಆಗಬೇಕಲ್ಲ! ಮಳೆಗೆ ಮುಂಚೆಯೇ ನಮ್ಮ ಬಾಬುರಾಯನಕೊಪ್ಪಲಿನವರು ಗಣಪತಿಯನ್ನು ಬಿಡುವ ಹಾಗೆ ತಮಟೆ ಬಡಿದುಕೊಂಡು ಬಂದರು. ಆಗ ಮಾತ್ರ ಓಡಿಹೋಗಿ ಅಡ್ಡ ನಿಂತೆ. "ಲೇ, ಅದು ದ್ಯಾವ್ರಲ್ಲ ಕಣ್ರಲಾ! ಕುಂಕುಮ ಇಟ್ಟೋನೇ ನಾನು!"

"ಅಂಗಾರೆ ಮೊದ್ಲ ಪೂಜೆ ನಿಂದೇ ಆಯ್ತಲ್ಲಣ್ಣೋ. ಬಾ, ಬಾಲ ಇಡ್ಕೊ" ಎಂದು ನಕ್ಕರು.

ಅಷ್ಟು ಜನರ ಮುಂದೆ ಹಟ ಮಾಡಲಾರದೆ ಬಾಲ ಹಿಡಿದೆ. ಮೀನು ಸ್ವಲ್ಪ ದೂರ ತೇಲಿ, ಬಂಡೆಗೆ ತಗುಲಿ ಒಡೆಯಿತು. ಹರಿಗೋಲಿನವರು ಹೆಕ್ಕಿ ತಂದಿದ್ದ ಕವರೆಲ್ಲ ಹೊಳೆ ತುಂಬ ಹರಡಿ ಕೆಳಕ್ಕೆ ಹೋಯಿತು. ಜನ ಅದಕ್ಕೂ ಕೈಮುಗಿದರು.

ಸಂಜೆ ಮೇಷ್ಟ್ರು ಬಂದು ಖಾಲಿ ಜಾಗ ನೋಡಿದರು. "ಯಾರು ಬಿಟ್ಟದ್ದು?" ಎಂದು ಕೇಳಿದರು. "ಊರವರು" ಎಂದೆ. ನಾನೂ ಎಂದು ಹೇಳಲಿಲ್ಲ. ಅವರು ಸೈಕಲ್ ಹತ್ತಿ ಹೋದರು. ಮತ್ತೆ ಘಟ್ಟದ ಕಡೆ ಬರಲಿಲ್ಲ.

ಮಾರನೆಯ ದಿನ ನಾನು ಮುತ್ತುಗದ ಎಲೆ ತಂದೆ. ಗಿರಾಕಿಗಳು "ಕವರಿಲ್ವಾ?" ಎಂದು ಪಕ್ಕದ ಅಂಗಡಿಗೆ ಹೋದರು. ಎಲೆ ಬಾಡುವುದರೊಳಗೆ ನಾನೂ ಕವರಿಗೇ ಮರಳಿದೆ. ಜನರನ್ನು ಬೈಯಲು ಕೂತಾಗಲೆಲ್ಲ ಇದು ನೆನಪಾಗಿ ಮಾತು ನಿಂತುಹೋಗುತ್ತದೆ.